ಮುರಿಯುವ ಬೋಲ್ಟು ಕೇಳಿದ ಬರ್ಫ್ ಕಾಕಾ

ಸಂತಪುರದಿಂದ ಒಳಗಿರುವ ಆ ಹಳ್ಳಿಯ ಶಾಲೆಗೆ ನನ್ನನ್ನು ಶಿಕ್ಷಕಿಯಾಗಿ ಹಾಕಿದಾಗ, ಬಾಡಿಗೆ ಕೋಣೆ ಹುಡುಕುತ್ತ ಮೊದಲು ಮಾತಾಡಿಸಿದ್ದು ಬಸ್ ನಿಲ್ಲುವಲ್ಲಿನ ಚಹಾದಂಗಡಿಯವನನ್ನು. ಅವನು ನನ್ನ ಟ್ರಂಕನ್ನೂ ನನ್ನನ್ನೂ ಒಮ್ಮೆ ನೋಡಿ ಹೇಳಿದ: "ಬರ್ಫ್ ಕಾಕಾನ ಮನಿಗಿ ಹೋಗ್ರಿ ಅಕ್ಕೋರ. ಕೋಣಿ ಚಲೋ ಅದ, ನೀರಿಂದೂ ತ್ರಾಸ ಇಲ್ಲ. ಖರೆ, ನಿಮ್ಮ ಕಿವಿ ಗಟ್ಟಿ ಇರ್ಬೇಕ ನೋಡ್ರಿ."

ಕಿವಿಯ ಮಾತು ಯಾಕೆ ಬಂತೆಂದು ಅವತ್ತು ಸಂಜೆಯೇ ತಿಳಿಯಿತು. ಟ್ರಂಕು ಇಳಿಸಿ ನಾನಿನ್ನೂ ಬೆನ್ನು ನೆಟ್ಟಗೆ ಮಾಡಿರಲಿಲ್ಲ, ಕಾಕಾ ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ಕುಳಿತು, "ಅಕ್ಕೋರ, ನೀವು ಬರ್ಫ್ ನೋಡೀರೇನು?" ಎಂದರು. ಕಬ್ಬಿನ ಹಾಲಿನ ಗಾಡಿಯಲ್ಲಿ, ಗೋಣಿತಟ್ಟಿನಲ್ಲಿ ಸುತ್ತಿಟ್ಟ ಮಂಜುಗಡ್ಡೆಯನ್ನು ನೋಡಿದ್ದೇನೆ ಎಂದೆ. ಅವರು ನನ್ನ ಮೇಲೆ ಕನಿಕರಪಟ್ಟು ತಲೆಯಾಡಿಸಿದರು. ಆಮೇಲೆ ಶುರುವಾದ ಬರ್ಫಿನ ಪುರಾಣ, ಒಳಗಿನಿಂದ ಕಾಕಿ ಮೂರ್ನಾಲ್ಕು ಸಲ ಊಟಕ್ಕೆ ಕರೆದರೂ ನಿಲ್ಲಲಿಲ್ಲ. ನಾನು ಆ ಮನೆಯಲ್ಲಿದ್ದಷ್ಟು ವರ್ಷವೂ ನಿಲ್ಲಲಿಲ್ಲವೆನ್ನಿ. ಬೀದರಿಗೆ ವರ್ಗವಾಗಿ ಬಂದ ಮೇಲೂ ಫೋನಿನಲ್ಲಿ ಅದೇ ಪುರಾಣ. ಈ ಮಾಗಿಯಲ್ಲಿ ಅವರು ತೀರಿಕೊಂಡರು. ತುಂಬಿದ ಬಾಳು, ಹಾಸಿಗೆ ಹಿಡಿಯದ ಸಾವು. ಅಳುವಂಥದ್ದೇನಿಲ್ಲ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಆದರೂ ಕಿವಿಗೆ ಏನೋ ಖಾಲಿ ಖಾಲಿ ಅನ್ನಿಸುತ್ತದೆ.

ಹರೆಯದಲ್ಲಿ ಕಾಕಾ ಊರು ಬಿಟ್ಟು, ದೇಶದ ಗಡಿಯ ಗುಡ್ಡಗಳಲ್ಲಿ ರಸ್ತೆಯ ಮೇಲೆ ಬಿದ್ದ ಹಿಮ ತೆಗೆಯುವ ಕೆಲಸಕ್ಕೆ ಸೇರಿದ್ದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಹಿಮವನ್ನು ಬಾಚಿ ದೂರ ಎಸೆಯುವ ಒಂದು ಯಂತ್ರ. ಅದನ್ನವರು ಬ್ಲೋವರ್ ಎನ್ನುತ್ತಿದ್ದರು. ಹೆಂಡತಿಯ ಬಗ್ಗೆ ಮಾತಾಡುವಾಗ ಕೂಡ ಅಷ್ಟು ಮೃದುವಾಗದ ಅವರ ದನಿ ಬ್ಲೋವರಿನ ವಿಷಯ ಬಂದರೆ ಬೆಣ್ಣೆಯಾಗುತ್ತಿತ್ತು. ಅಂಗಳದ ನಡುವೆ ನಿಂತು, ಎರಡೂ ತೋಳು ಮುಂದೆ ಸುತ್ತಿಸುತ್ತ ತೋರಿಸುತ್ತಿದ್ದರು. "ಮುಂದ ದೊಡ್ಡ ಸುರುಳಿ ಇರ್ತದ್ರಿ, ಹಿಂದ ಪಂಖಾ. ಸುರುಳಿ ಬರ್ಫ್ ಬಾಚಿ ಒಳಗ ಎಳಕೊಂತದ, ಪಂಖಾ ಸೊಂಡಿಲಿಂದ ಆ ಕಡಿ ಒಗೀತದ. ಕಾರಂಜಿ ಹಾರಿದಂಗ! ಏನ ಹೇಳಲಿ ಅಕ್ಕೋರ ನಿಮಗ!" ಹೇಳುವುದನ್ನು ಮಾತ್ರ ಒಂದೂ ಬಿಡುತ್ತಿರಲಿಲ್ಲ.

ಕಾಕಿ ಪಡಸಾಲೆಯಲ್ಲಿ ಕೂತು ತೊಗರಿ ಆರಿಸುತ್ತ ಅನ್ನುತ್ತಿದ್ದರು, "ದೇಶದ್ದೆಲ್ಲಾ ಬರ್ಫ್ ಒಗದು ಬಂದಾನ. ಮನಿ ಮುಂದಿನ ಕಸಾ ಒಗಿ ಅಂದ್ರ ಟೊಂಕ ನೋವು."

"ಕಸಕ್ಕೂ ಬರ್ಫಿಗೂ ಫರಕ್ ಇಲ್ಲೇನು ನಿನಗ?"

"ಫರಕ್ ಅದ. ಕಸಾ ನಾ ನೋಡೀನಿ."

ಇದು ಆ ಮನೆಯ ದಿನನಿತ್ಯದ ಸಂಭಾಷಣೆ. ನಾನು ವಹಿಗಳನ್ನು ತಿದ್ದುತ್ತ ಕೋಣೆಯಲ್ಲೇ ನಗುತ್ತಿದ್ದೆ. ಗಂಡಹೆಂಡಿರ ಜಗಳವೆಂದರೆ ನಮ್ಮ ಭಾಲ್ಕಿಯ ಮನೆಯಲ್ಲಿ ಪಾತ್ರೆಗಳ ಸದ್ದು ಕೇಳಿ ಬೆಳೆದವಳು ನಾನು. ಇಂಥ ಜಗಳವನ್ನು ಮೊದಲ ಬಾರಿ ನೋಡಿದ್ದು ಅಲ್ಲಿಯೇ, ಮತ್ತು ಮದುವೆಯ ಬಗ್ಗೆ ಒಂದಿಷ್ಟು ಧೈರ್ಯ ಬಂದದ್ದೂ ಅಲ್ಲಿಯೇ.

ಕಾಕಾನ ಎಡಗೈಯ ತೋರುಬೆರಳು ಇರಲಿಲ್ಲ. ಬುಡದವರೆಗೂ ಹೋಗಿತ್ತು. ಆ ಬೆರಳು ಅವರ ಪುರಾಣದ ಯುದ್ಧಕಾಂಡ. ಗುಡ್ಡದ ಹಿಮ ಜಾರಿ ರಸ್ತೆ ಮುಚ್ಚಿತ್ತಂತೆ, ಆಚೆ ಸೈನಿಕರ ಗಾಡಿಗಳು ಸಿಕ್ಕಿಕೊಂಡಿದ್ದವಂತೆ, ಹರಿದ ಕೈಗವಸಿನಲ್ಲೇ ಇವರು ಹಗಲೆಲ್ಲ ಬ್ಲೋವರ್ ನಡೆಸಿ ದಾರಿ ಬಿಡಿಸಿದರಂತೆ, ಕೊನೆಗೆ ನೋಡಿದರೆ ಬೆರಳು ಚಳಿಗೆ ಕಪ್ಪಾಗಿ ಕಲ್ಲಾಗಿತ್ತಂತೆ. "ಬರ್ಫ್ ತಿಂತ್ರಿ ಅದನ್ನ. ನಾನೂ ತಿನ್ನು ಅಂದೆ. ಎಷ್ಟು ಜೀವಾ ಉಳದ್ವು!" ಹಳ್ಳಿಯ ಎಲ್ಲರಿಗೂ ಈ ಕಥೆ ಬಾಯಿಪಾಠ. ಪ್ರತಿ ಧ್ವಜಾರೋಹಣಕ್ಕೂ ನಮ್ಮ ಶಾಲೆಯ ವೇದಿಕೆಯ ಮೇಲೆ ಕಾಕಾನಿಗೆ ಒಂದು ಕುರ್ಚಿ ಮೀಸಲು. ಮಕ್ಕಳು ಆ ಕೈಯನ್ನು ಮುಟ್ಟಿ ನೋಡಲು ಸಾಲು ನಿಲ್ಲುತ್ತಿದ್ದರು. ಚಳಿಗಾಲ ಬಂತೆಂದರೆ ಕಾಕಿ ಎಣ್ಣೆ ಕಾಸಿ ಆ ಬೆರಳಿನ ಬುಡಕ್ಕೆ ತಿಕ್ಕುತ್ತಿದ್ದರು, ಒಳಗೆ ಉಳಿದ ಚಳಿ ಹೊರಗೆ ಬರಲಿ ಎಂದು. ಬಾಯಲ್ಲಿ ಎಷ್ಟೇ ಚುಚ್ಚಿದರೂ ಆ ಹೊತ್ತಿನಲ್ಲಿ ಅವರ ಮುಖದಲ್ಲಿ ಗಂಡನ ಬಗ್ಗೆ ಹೆಮ್ಮೆ ಕಾಣುತ್ತಿತ್ತು. ಕಾಕಾನಿಗೆ ಇದ್ದ ಆಸ್ತಿಯೆಂದರೆ ಅದೇ.

ಹೀಗಿರುವಾಗ ಊರಿನ ಹೆಣ್ಣುಮಕ್ಕಳ ಸಂಘಕ್ಕೆ ಒಂದು ರಾಶಿ ಮಷೀನು ಬಂತು. ಸೋಯಾ, ತೊಗರಿ, ಕಡಲೆಗಳ ಕಾಳು ಬಿಡಿಸಿ ರಾಶಿ ಮಾಡುವ, ಟ್ರ್ಯಾಕ್ಟರಿನ ಹಿಂದೆ ಕಟ್ಟಿ ನಡೆಸುವ ಮಷೀನು. ಸರ್ಕಾರದ ಯಾವುದೋ ಯೋಜನೆಯಲ್ಲಿ ಬಂದದ್ದು. ಅಧಿಕಾರಿಗಳ ಹತ್ತಿರ ಮಾತಾಡಲು ಬರಲಿ ಎಂದು ಸಂಘದವರು ನನ್ನನ್ನೂ ಸೇರಿಸಿಕೊಂಡಿದ್ದರು. ಅಧ್ಯಕ್ಷೆ ಕಮಳಾಬಾಯಿ, ಮೂರು ಊರಿಗೆ ಕೇಳುವ ಗಂಟಲು, ಅದಕ್ಕೆ ತಕ್ಕ ಎದೆ. ಮಷೀನು ಬಂದ ದಿನವೇ ಊರ ಗಂಡಸರು ಕಟ್ಟೆಯ ಮೇಲೆ ಸೇರಿ ಒಂದು ಷರತ್ತು ಹಾಕಿದರು. ಒಂದು ಸುಗ್ಗಿ ಹೆಣ್ಣುಮಕ್ಕಳೇ ನಡೆಸಲಿ. ಅಷ್ಟರಲ್ಲಿ ಮಷೀನು ಮುರಿದರೆ ಗಂಡಸರ ಕೈಗೆ ಕೊಟ್ಟು ಸುಮ್ಮನೆ ಕೂಡಬೇಕು. ಟ್ರ್ಯಾಕ್ಟರಿನ ಮಾಣಿಕನಂತೂ ಹಲ್ಲು ಕಿರಿದು, "ಮುರೀತದ ಬಿಡ್ರಿ, ದಸರಾ ದಾಟಂಗಿಲ್ಲ" ಎಂದ. ಟ್ರ್ಯಾಕ್ಟರ್ ಅವನದೇ ಆದ್ದರಿಂದ ಅವನನ್ನು ಬಯ್ಯುವಂತೆಯೂ ಇರಲಿಲ್ಲ. ಕಮಳಾಬಾಯಿ ಮಾತ್ರ ಒಪ್ಪಿದೆ ಎಂದು ಸೆರಗು ಬಿಗಿದು ಎದ್ದು ಬಂದಳು.

ಕಾಕಾನನ್ನು ಯಾರೂ ಕರೆಯಲಿಲ್ಲ. ಅವರೇ ಬಂದರು. ಮಷೀನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಯಲ್ಲಿ ಇಣುಕಿ, ಹೊಟ್ಟು ಹಾರುವ ಸೊಂಡಿಲನ್ನು ತಟ್ಟಿ, "ಅರೆ! ಇದು ನಮ್ಮ ಬ್ಲೋವರಿನ ಸ್ವಂತ ತಂಗಿ!" ಎಂದು ಘೋಷಿಸಿದರು. ಅವತ್ತಿನಿಂದ ಸಂಘಕ್ಕೆ ಅವರೇ ಸರದಾರ. ಬೇಡವೆಂದರೂ ಬಿಡುವವರಲ್ಲ.

ಅವರ ತರಬೇತಿಯೆಂದರೆ ಅರ್ಧ ಬರ್ಫು, ಅರ್ಧ ಬೈಗಳು. ಗುಡ್ಡದಲ್ಲಿ ಹಿಮ ಬೀಳುವ ಮೊದಲೇ ಅವರು ರಸ್ತೆಯುದ್ದಕ್ಕೂ ನಡೆದು ಕಲ್ಲು, ತಂತಿ ಆರಿಸುತ್ತಿದ್ದರಂತೆ. ಹಿಮ ಬಿದ್ದ ಮೇಲೆ ಕಲ್ಲು ಕಾಣುವುದಿಲ್ಲ, ಬ್ಲೋವರಿನ ಹಲ್ಲಿಗೇ ಸಿಗುತ್ತದೆ. ಹಾಗಾಗಿ ಇಲ್ಲಿಯೂ ಬಣವಿಯ ಒಂದೊಂದು ಹಿಡಿಯನ್ನೂ ಕೊಡವಿಯೇ ಕೊಡಬೇಕೆಂದು ಹಟ ಹಿಡಿದರು. ಹೆಂಗಸರು ಗೊಣಗಿದರು. ಮೊದಲ ಬಣವಿಯಲ್ಲೇ ಒಂದು ಕುಡಗೋಲು, ಒಂದು ಚಪ್ಪಲಿ, ಯಾರದೋ ಬುತ್ತಿಡಬ್ಬಿಯ ಮುಚ್ಚಳ ಸಿಕ್ಕವು. ಮುಚ್ಚಳ ಕಮಳಾಬಾಯಿಯದೇ. ಹೊಲದಲ್ಲಿ ಕಳೆದಿದ್ದಕ್ಕೆ ಸೊಸೆಯನ್ನು ಬೈದು ಮಲಗಿಸಿದ್ದಳಂತೆ. ಗೊಣಗಾಟ ಅಲ್ಲಿಗೆ ನಿಂತಿತು.

ಮಷೀನಿನ ದನಿ ಪೂರ್ತಿ ಏರುವವರೆಗೆ ಒಂದು ಕಡ್ಡಿ ಕೂಡ ಹಾಕಗೊಡುತ್ತಿರಲಿಲ್ಲ. ಬೆಳಗಿನ ಇಬ್ಬನಿ ಆರುವ ತನಕ ಕೆಲಸವೇ ಇಲ್ಲ. "ಹಸೀದು ಹಾಕಿದ್ರ ಒಳಗ ಮುದ್ದಿ ಆಗ್ತದ. ಮೆತ್ತನ್ನ ಬರ್ಫೂ ಹಂಗೇ, ಗಟ್ಟಿ ಬರ್ಫಿಗಿಂತಾ ಕೆಟ್ಟ" ಎಂದು ಹೇಳಿ, ಅಲ್ಲಿಯವರೆಗೆ ಎಲ್ಲರಿಗೂ ಚಹಾ ಮತ್ತು ಪುರಾಣ. ಯಾರಾದರೂ ಅವಸರಕ್ಕೆ ದೊಡ್ಡ ಹೊರೆಯನ್ನೇ ಬಾಯಿಗೆ ತಳ್ಳಿದರೆ ಕೂಗುತ್ತಿದ್ದರು, "ಏ ಅವ್ವಾ, ಮೊಮ್ಮಗನಿಗಿ ಹಿಂಗೇ ಉಣಸ್ತೀ ಏನು? ತುತ್ತು ಮಾಡಿ ಹಾಕು, ತುರಕಬ್ಯಾಡ!" ಕೆಲಸ ಮುಗಿದ ಮೇಲೂ ಮಷೀನು ಸ್ವಲ್ಪ ಹೊತ್ತು ಖಾಲಿ ಓಡಬೇಕು. ಹೆಂಗಸರಿಗೆ ಮನೆಗೆ ಹೋಗಿ ಒಲೆ ಹಚ್ಚುವ ಗಡಿಬಿಡಿ. ಕಾಕಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತು, "ಉಂಡ ಮ್ಯಾಲ ಬಾಯಿ ಮುಕ್ಕಳಸೂದಿಲ್ಲೇನು ನೀವು?" ಎನ್ನುವರು. ಒಳಗೆ ಒಂದು ಕಾಳೂ ಉಳಿಯದಂತೆ ಓಡಿಸಿದ ಮೇಲೆಯೇ ಅವರಿಗೆ ಸಮಾಧಾನ.

ನನಗೆ ಅವರ ಮೇಲೆ ನಿಜವಾಗಿ ಪ್ರೀತಿ ಹುಟ್ಟಿದ್ದು ಭಾಲ್ಕಿಯ ಒಂದು ಅಂಗಡಿಯಲ್ಲಿ. ಟ್ರ್ಯಾಕ್ಟರಿನಿಂದ ಮಷೀನಿಗೆ ತಿರುವು ಕೊಡುವ ದಂಡದಲ್ಲಿ ಒಂದು ಸಣ್ಣ ಬೋಲ್ಟು ಇರುತ್ತದೆ. ಅದು ಹಾಳಾದರೆ ಹಾಕಲು ಒಂದಷ್ಟು ಇರಲಿ ಎಂದು, ನಾನು ಒಂದು ರಜೆಯ ದಿನ ಊರಿಗೆ ಹೋಗಿ ಬರಲು ಹೊರಟಾಗ ಕಾಕಾ ಕೂಡ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮುಂದಿನ ಸೀಟಿನ ಕಮಲನಗರದ ಮುದುಕನಿಗೆ ಮರಾಠಿಯಲ್ಲಿ ಬರ್ಫ್ ಪುರಾಣ ಹೇಳಿದರು. ಭಾಲ್ಕಿಯಲ್ಲಿ ಇಳಿದು ಅಂಗಡಿಗೆ ಹೋದೆವು. ಅಂಗಡಿಯವನು ಬೋಲ್ಟಿನ ಅಳತೆ ನೋಡಿ, ಮಿರುಗುವ ಗಟ್ಟಿಯದೊಂದನ್ನು ಮುಂದಿಟ್ಟ.

"ಇದು ಒಯ್ರಿ ಕಾಕಾ. ಮಷೀನ್ ಮುರದ್ರೂ ಇದು ಮುರಿಯಂಗಿಲ್ಲ."

"ಅದಕ್ಕೇ ಬ್ಯಾಡ," ಎಂದರು ಕಾಕಾ. "ಮುರಿಯೋದು ಕೊಡು."

"ಏನಂದ್ರಿ?"

"ಮುರಿಯೋದು! ಜರಾ ಜೋರ್ ಬಿತ್ತಂದ್ರ ಠಕ್ಕನ ಮುರೀಬೇಕು. ಅಂಥಾದ್ದು ಕೊಡು."

ಅಂಗಡಿಯವನು ನನ್ನ ಕಡೆ ನೋಡಿದ, ಮುದುಕರಿಗೆ ಬಿಸಿಲು ಬಡಿದಿದೆಯೋ ಏನೋ ಎಂಬಂತೆ. ಅವನ ಇಡೀ ವ್ಯಾಪಾರದಲ್ಲಿ ಗಟ್ಟಿಯದನ್ನು ಬೇಡವೆಂದು ಮೆತ್ತನೆಯ ಮಾಲು ಕೇಳಿದವರು ಇವರೊಬ್ಬರೇ ಇರಬೇಕು. ಕಾಕಾ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೇ ಬಿಟ್ಟರು. "ಕೇಳು ತಮ್ಮಾ. ಬರ್ಫಿನಾಗ ಕಲ್ಲು ಸಿಕ್ತು ಅಂತ ತಿಳಿ. ಯಾವುದರೆ ಒಂದು ಮುರೀಬೇಕೋ ಬ್ಯಾಡೋ? ಈ ಬೋಲ್ಟು ಮುರಿದ್ರ ಗೇರು ಉಳೀತು. ಬೋಲ್ಟು ಗಟ್ಟಿ ಇದ್ರ ಗೇರು ಹೋತು. ಮನಿಯಾಗ ಒಬ್ಬರರೆ ಸೋಲಬೇಕಪ್ಪ, ಅಂದ್ರ ಮನಿ ನಡೀತದ." ಅಂಗಡಿಯವನಿಗೆ ಕೊನೆಯ ಮಾತು ಮಾತ್ರ ಚೆನ್ನಾಗಿ ತಿಳಿಯಿತೆಂದು ಕಾಣುತ್ತದೆ. ನಕ್ಕು, ಒಳಗಿನ ಡಬ್ಬಿಯಿಂದ ಮೆತ್ತನೆಯ ಬೋಲ್ಟುಗಳನ್ನು ಹುಡುಕಿ ಕೊಟ್ಟ. ಸಂಜೆ ಬಸ್ಸಿನಲ್ಲಿ ಹಿಂದಿರುಗುವಾಗ "ಮನಿಯಾಗ ಸೋಲೋರು ಯಾರು ಕಾಕಾ, ನೀವೋ ಕಾಕಿನೋ?" ಎಂದು ಕೆಣಕಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿ ಕಬ್ಬಿನ ಬೆಳೆ ಈ ಸಲ ಚೆನ್ನಾಗಿದೆ ಎಂದರು.

ಈಗ ಆ ದಿನದ ಮಾತಿಗೆ ಬರುತ್ತೇನೆ. ಸೋಯಾ ಸುಗ್ಗಿಯ ಕೊನೆ. ಹೆಂಗಸರು ಮಷೀನನ್ನು ಎಲ್ಲಿಯೂ ತಪ್ಪದೆ ನಡೆಸಿದ್ದರು. ಉಳಿದದ್ದು ಶರಣಮ್ಮನ ಹೊಲವೊಂದೇ. ಅದು ದಾಟಿದರೆ ಷರತ್ತು ಗೆದ್ದಂತೆ. ಅವತ್ತು ರವಿವಾರ, ನಾನೂ ಹೊಲಕ್ಕೆ ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಕಪ್ಪು ಮೋಡ ಏರಿತು. ಕೊಯ್ದ ಸೋಯಾ ತೋಯ್ದರೆ ಶರಣಮ್ಮನ ವರ್ಷದ ದುಡಿಮೆ ಮಣ್ಣುಪಾಲು. ಎಲ್ಲರ ಕೈಗೂ ಚುರುಕು ಬಂದಿತ್ತು.

ನಮ್ಮಲ್ಲಿ ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದಿಲ್ಲ. ರಾಶಿ ಮಷೀನು ಲಕ್ಷ್ಮಿಯಲ್ಲವೇ? ಮೊದಲ ದಿನ ಎಲ್ಲರೂ ಸೇರಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹಸಿರು ಕುಬಸದ ಕಣ, ಎಂದರೆ ರವಿಕೆಯ ಬಟ್ಟೆ, ಕಟ್ಟಿ, ಕಾಯಿ ಅಕ್ಕಿ ಇಟ್ಟು ಉಡಿ ತುಂಬಿದ್ದರು. ಕಾಕಾ ಕೈಮುಗಿದು, ಪೂಜೆ ಮುಗಿದ ಕೂಡಲೇ ಬಟ್ಟೆಯನ್ನೆಲ್ಲ ಬಿಚ್ಚಿಸಿದ್ದರು: ತಿರುಗುವ ಲಕ್ಷ್ಮಿಗೆ ಸೆರಗು ಇರಬಾರದು. ಆದರೆ ಶರಣಮ್ಮನ ಜೀವ ತಡೆಯಲಿಲ್ಲ. ತನ್ನ ಹೊಲಕ್ಕೆ ಬಂದವಳನ್ನು ಬರಿಗೈಯಲ್ಲಿ ಹೇಗೆ ಕಳಿಸುವುದು? ಯಾರಿಗೂ ಕಾಣದಂತೆ ಒಂದು ಕಣವನ್ನು ಮಷೀನಿನ ಬಾಯಿಯ ಮಗ್ಗುಲಿಗೆ ಕಟ್ಟಿಬಿಟ್ಟಿದ್ದಳು. ಭಕ್ತಿಯೇ, ತಪ್ಪೆನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಗಾಳಿ ಬೀಸಿತು. ಕಣದ ಅಂಚು ಸೋಯಾ ಗಿಡಗಳ ಜೊತೆ ಒಳಗೆ ಹೋಯಿತು. ಮಷೀನು ಒಮ್ಮೆ ನರಳಿತು, ಠಕ್ ಎಂದು ಸದ್ದಾಯಿತು, ನಿಂತಿತು. ಮಾಣಿಕ ಟ್ರ್ಯಾಕ್ಟರ್ ಬಂದ್ ಮಾಡಿ ಇಳಿದು, "ಮುರೀತು. ನಾ ಹೇಳಿರಲಿಲ್ಲೇನು?" ಎಂದ. ಶರಣಮ್ಮ ತಲೆಯ ಮೇಲೆ ಕೈಹೊತ್ತು ಕುಳಿತಳು. ಕಮಳಾಬಾಯಿ ಮಾತ್ರ ಬೆಳೆ ಹಾಕಲು ನಿಲ್ಲುವ ಹಲಗೆಯ ಮೇಲೆ ಹತ್ತಿ, ಬಳೆಗಳನ್ನು ಮೊಳಕೈವರೆಗೆ ಸರಿಸಿ, ಮಷೀನಿನ ಬಾಯಿಗೆ ಬಗ್ಗಿದಳು. ಒಳಗಿನ ಉರುಳೆಗೆ ಸುತ್ತಿಕೊಂಡ ಹಸಿರು ಬಟ್ಟೆ ಕೈಗೆಟುಕುವಷ್ಟು ಹತ್ತಿರವೇ ಕಾಣುತ್ತಿತ್ತು.

ಕಾಕಾ ಬೇವಿನ ಮರದ ಬುಡದಲ್ಲಿ ನೀರು ಕುಡಿಯುತ್ತಿದ್ದವರು ತಂಬಿಗೆ ಒಗೆದು ಓಡಿ ಬಂದರು. "ಕಮಳಾ! ಕೈ ತೆಗಿ!"

"ಬಂದ್ ಅದಲ್ರಿ ಕಾಕಾ. ಜರಾ ಅರಬಿ ಎಳಕೊಂತೇನಿ."

"ಬ್ಯಾಡ ಅಂದೆ! ಬಡಿಗಿ ತಗೋ!"

"ಮಳಿ ಬರ್ಲಿಕ್ಕತ್ತದ, ಬಡಿಗಿ ಎಲ್ಲಿ ಹುಡಕ್ಲಿ? ಬಂದ್ ಇದ್ದದ್ದು ಏನ ಕಚ್ಚತದೇನು?" ಅವಳ ಕೈ ಆಗಲೇ ಮಣಿಕಟ್ಟಿನವರೆಗೆ ಒಳಗಿತ್ತು.

ಆಗ ಕಾಕಾ ತಮ್ಮ ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲಕ್ಕೆತ್ತಿದರು. "ಇದು ಬರ್ಫಿಗಿ ಹೋಗಿಲ್ಲ! ಬ್ಲೋವರಿನ ಬಾಯಾಗ ಹೋಗ್ಯದ! ಅದೂ ಬಂದ್ ಇತ್ತು ಕಮಳಾ! ನಾನೇ ಬಂದ್ ಮಾಡಿದ್ದೆ!"

ಬೆದರಿಕೆಗೆ ಬಗ್ಗದ ಕಮಳಾಬಾಯಿ ಬೆರಗಿಗೆ ಬಗ್ಗಿ ಕೈಯನ್ನು ಹೊರಗೆ ತೆಗೆದಳು. ಬದುವಿನ ಮೇಲೆ ಚಹಾದ ಕಿಟ್ಲಿ ಹಿಡಿದು ಕಾಕಿ ನಿಂತಿದ್ದರು. ಎಲ್ಲರಿಗೂ ಬುತ್ತಿ ತಂದವರು ಅವರೇ. ಅವರನ್ನು ನೋಡಿದ ಕೂಡಲೇ ಕಾಕಾನ ಕೈ ಕೆಳಗಿಳಿಯಿತು.

ಆದರೂ ಹೇಳಿದರು, ನೆಲ ನೋಡುತ್ತ, ಚಿಕ್ಕ ದನಿಯಲ್ಲಿ. ಹಸಿ ಹಿಮ ಒಳಗೆ ಮುದ್ದೆಯಾಗಿ ಬ್ಲೋವರಿನ ಬಾಯಿ ಕಟ್ಟಿತ್ತಂತೆ. ಹಿಂದೆ ದೊಡ್ಡ ಸಾಹೇಬರ ಗಾಡಿ ಹಾರ್ನ್ ಹೊಡೆಯುತ್ತಿತ್ತಂತೆ. ಇಂಜಿನ್ ಬಂದ್ ಮಾಡಿ ಕೈಯಿಂದಲೇ ಕೆದರಿದರಂತೆ. "ಇಂಜಿನ್ ಬಂದ್ ಆದ್ರೂ ಸುರುಳಿ ತಿರಗಸೋ ಪಟ್ಟಾ ಬಿಗಿ ಇರ್ತದ. ಒಳಗ ಸಿಟ್ಟು ಹಿಡಕೊಂಡು ಕುಂತಿರ್ತದ. ಮುದ್ದಿ ಸಡಲಾತು, ತಾನೇ ತಿರಗ್ತು. ಅರ್ಧಾ ಸುತ್ತು. ಅಷ್ಟೇ."

ಎಲ್ಲರನ್ನೂ ಹಿಂದೆ ಸರಿಸಿ, ಉದ್ದನೆಯ ಬಡಿಗೆಯ ತುದಿಗೆ ಕುಡಗೋಲು ಕಟ್ಟಿಸಿ, ತಾವು ಮಗ್ಗುಲಿಗೆ ನಿಂತು ಒಳಗಿನ ಬಟ್ಟೆಯನ್ನು ಸೀಳಿದರು. ಕೊನೆಯ ಎಳೆ ಹರಿದದ್ದೇ ತಡ, ಉರುಳೆ ಧಡ್ ಎಂದು ತಿರುಗಿತು. ಬಡಿಗೆ ಅವರ ಕೈಯಿಂದ ಹಾರಿ ಬಣವಿಯ ಮೇಲೆ ಬಿತ್ತು. ಕಮಳಾಬಾಯಿ ಇದ್ದಲ್ಲೇ ನೆಲಕ್ಕೆ ಕುಸಿದು, ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು.

ಮುರಿದಿದ್ದು ಬೋಲ್ಟು ಮಾತ್ರ, ಮಷೀನಿಗೆ ಏನೂ ಆಗಿರಲಿಲ್ಲ. ಮಾಣಿಕ ತಾನಾಗಿಯೇ ಹೋಗಿ, ಭಾಲ್ಕಿಯಿಂದ ತಂದಿಟ್ಟಿದ್ದ ಬೋಲ್ಟುಗಳಲ್ಲಿ ಒಂದನ್ನು ತಂದು ಹಾಕಿದ. ರಾಶಿ ಮುಗಿಸಿ ಚೀಲಗಳ ಮೇಲೆ ತಾಡಪಾಲು ಬಿಗಿಯುವಾಗ ಮೊದಲ ಹನಿಗಳು ಬಿದ್ದವು. ಷರತ್ತು ಗೆದ್ದೆವು, ಮಷೀನು ಸಂಘದಲ್ಲೇ ಉಳಿಯಿತು, ಇವತ್ತಿಗೂ ಓಡುತ್ತಿದೆ. ಹೆಂಗಸರೆಲ್ಲ ಮಳೆಯಲ್ಲೇ ನಿಂತು ಕೇಕೆ ಹಾಕಿದರು. ಕಾಕಿ ಎಲ್ಲರಿಗೂ ಚಹಾ ಹಾಕಿ ಕೊಟ್ಟರು, ಮಾಣಿಕನಿಗೂ. ಗಂಡನಿಗೆ ಕೊಡಲಿಲ್ಲ.

ಮನೆಯಲ್ಲಿ ಎಷ್ಟೋ ದಿನ ಕಾಕಿ ಮಾತು ಬಿಟ್ಟರು. ಬೇಳೆ ತೊಳೆಯುವಾಗ ನನ್ನ ಹತ್ತಿರ ಮಾತ್ರ ಹೇಳಿ ಕಣ್ಣೊರೆಸಿಕೊಂಡರು: "ಊರಿಗಿ ಏನರೆ ಹೇಳ್ಲಿ ಅಕ್ಕೋರ. ನನಗ? ಎಷ್ಟು ಚಳಿಗಾಲ ಎಣ್ಣಿ ಕಾಸಿ ತಿಕ್ಕೇನಿ ಆ ಬೆರಳಿಗಿ! ಸುಮ್ಮ ಕುಂತು ತಿಕ್ಕಸಕೊಂಡಾನಲ್ಲ!" ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಕಾಕಿಯ ನೋವು ಸುಳ್ಳಿನದಲ್ಲ, ಎಣ್ಣೆಯದು. ಗಂಡಸರಿಗೆ ಇದು ಬೇಗ ತಿಳಿಯುವುದಿಲ್ಲ.

ಕಾಕಾ ಅಂಗಳದಲ್ಲಿ ಕಸ ಗುಡಿಸತೊಡಗಿದ್ದರು. ಟೊಂಕ ನೋವು ಎಲ್ಲಿ ಹೋಗಿತ್ತೋ. ನಾನು ಹೊರಗೆ ಬಂದಾಗ ಪೊರಕೆ ಹಿಡಿದೇ ಹೇಳಿದರು, "ಸೂಟಿ ಮ್ಯಾಲ ಬಂದ ದಿನಾ ಇಡೀ ಊರು ನೆರದಿತ್ರಿ. ಮಷೀನಿನಾಗ ಕೈ ಇಟ್ಟೆ ಅಂದ್ರ ಹುಚ್ಚ ಅಂತಿದ್ರು. ಬಾಯಿಗಿ ಬರ್ಫ್ ಅಂತ ಬಂತು. ಒಮ್ಮಿ ಅಂದ ಮ್ಯಾಲ ಅದು ನನಗಿಂತಾ ದೊಡ್ಡದಾಗಿ ಕುಂತಿತು."

"ಈಗ ಮಾನ ಹೋಯಿತು ಅನಸ್ತದೇನು ಕಾಕಾ?"

"ಮಾನಾ ತಿರುಗಿ ಗಳಸ್ಬಹುದು ಅಕ್ಕೋರ. ಕಮಳಾನ ಕೈ ಗಳಸ್ಲಿಕ್ಕಿ ಬರ್ತಿತ್ತೇನು?" ಎಂದು ಮತ್ತೆ ಗುಡಿಸತೊಡಗಿದರು.

ಮುಂದಿನ ಧ್ವಜಾರೋಹಣಕ್ಕೆ ಅವರನ್ನು ಕರೆಯುವುದೋ ಬೇಡವೋ ಎಂದು ನಮ್ಮ ಹೆಡ್ ಮಾಸ್ತರರು ತಲೆ ಕೆರೆದುಕೊಂಡರು. ಕಾಕಾ ಕರೆಯುವವರೆಗೆ ಕಾಯಲಿಲ್ಲ. ಬಂದು, ತಮ್ಮ ಕುರ್ಚಿಯಲ್ಲಿ ಕೂತು, ಸರದಿ ಬಂದಾಗ ಎದ್ದು ನಿಂತು ನಿಜವಾದ ಕಥೆ ಹೇಳಿದರು. ಸಂಕೋಚದಿಂದ ಚಿಕ್ಕದಾಗಿ ಹೇಳಿ ಮುಗಿಸುವರು ಎಂದುಕೊಂಡಿದ್ದೆ. ಅವರ ಸ್ವಭಾವ ತಿಳಿದೂ ನಾನು ಹಾಗೆಂದುಕೊಂಡದ್ದೇ ತಪ್ಪು. ಸುಳ್ಳು ಕಥೆಗಿಂತ ನಿಜ ಕಥೆ ಇನ್ನೂ ಉದ್ದವಾಯಿತು. ಬ್ಲೋವರಿನ ಪಟ್ಟಾ ಹೇಗೆ ಸಿಟ್ಟು ಹಿಡಿದುಕೊಂಡಿರುತ್ತದೆ ಎಂಬುದನ್ನು ಕಾಕಾ ವೇದಿಕೆಯ ಮೇಲೆ ಹಲ್ಲು ಕಚ್ಚಿ, ಕಣ್ಣು ಕೆಂಪಗೆ ಮಾಡಿ ಅಭಿನಯಿಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು, ಆಮೇಲೆ ಮೊದಲಿಗಿಂತ ಉದ್ದದ ಸಾಲು ನಿಂತು ಕೈ ಮುಟ್ಟಿ ನೋಡಿದರು. ಹೆಡ್ ಮಾಸ್ತರರು ಲಾಡು ಹಂಚುವುದನ್ನೇ ಮರೆತಿದ್ದರು.

ಕಾಕಿ ಮತ್ತೆ ಮಾತಾಡಿದರು, ಚುಚ್ಚಿದರು, ಎಲ್ಲವೂ ಮೊದಲಿನಂತಾಯಿತು. ಎಣ್ಣೆಯನ್ನು ಮಾತ್ರ ಮತ್ತೆ ಕಾಸಲಿಲ್ಲ. ಚಳಿಗಾಲದಲ್ಲಿ ಕಾಕಾ ಬೇಕೆಂದೇ ಕೈ ಉಜ್ಜಿಕೊಂಡು ಹತ್ತಿರ ಕೂತರೆ, "ಬೆರಳಿನಾಗ ಬರ್ಫ್ ಇಲ್ಲಲ್ಲ ಈಗ, ಎಣ್ಣಿ ಯಾಕ?" ಎನ್ನುತ್ತಿದ್ದರು. ಕಾಕಾ ನಗುತ್ತಿದ್ದರು. ಆ ನಗುವಿನ ಒಳಗೆ, ಕಾಕಿ ಪೂರ್ತಿ ಕ್ಷಮಿಸಿಲ್ಲ ಎಂಬ ಸಣ್ಣ ಮುಳ್ಳು ಇತ್ತೆಂದು ನನಗೆ ಗೊತ್ತು. ನಾನು ವರ್ಗವಾಗಿ ಹೊರಟ ದಿನ ಟ್ರಂಕು ಹೊತ್ತು ಬಸ್ಸಿನವರೆಗೆ ಬಂದವರು, "ನಿಮ್ಮ ಕಾಕಿ ಏನರೆ ಅಂದಾಳೇನು ಅಕ್ಕೋರ, ಆ ವಿಷಯ?" ಎಂದು ಕೇಳಿದ್ದರು. ಇಲ್ಲ ಎಂದೆ. "ಹೋಗ್ಲಿ ಬಿಡ್ರಿ," ಎಂದು ಟ್ರಂಕನ್ನು ಸೀಟಿನ ಕೆಳಗೆ ತಳ್ಳಿದರು.

ಈ ಮಾಗಿಯಲ್ಲಿ ಸುದ್ದಿ ಕೇಳಿ ಬೀದರಿನಿಂದ ಬಸ್ಸು ಹಿಡಿದು ಹೋದೆ. ಮಣ್ಣಿಗೆ ಊರೆಲ್ಲ ಸೇರಿತ್ತು. ಆಮೇಲೂ ನಾನು ಉಳಿದೆ, ನನ್ನ ಹಳೆಯ ಕೋಣೆಯಲ್ಲೇ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆರೆಯವರು ತಂದ ಬುತ್ತಿಯನ್ನು ಕಾಕಿ ಕೈಯಿಂದ ಮುಟ್ಟಿ ಸರಿಸಿಬಿಡುತ್ತಿದ್ದರು. ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದರು. ಒಲೆ ಮತ್ತೆ ಹಚ್ಚುವ ದಿನ ಬೆಳಿಗ್ಗೆ ಕಮಳಾಬಾಯಿ ಬಂದಳು. ಯಾರನ್ನೂ ಕೇಳದೆ ಒಲೆಯ ಮುಂದೆ ಕೂತು, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಎರಡೂ ಕೈ ಒಂದಾದ ಮೇಲೊಂದು ಏಳುತ್ತ ಬೀಳುತ್ತ, ಅಂಗೈಯ ಅಡಿಯಲ್ಲಿ ರೊಟ್ಟಿ ತಿರುಗುತ್ತ ಅಗಲವಾಗುತ್ತಿತ್ತು. ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ.

ಗೋಡೆಗೆ ಒರಗಿದ್ದ ಕಾಕಿ ಮೊದಲು ಆ ಸದ್ದನ್ನು ಕೇಳಿದರು. ಆಮೇಲೆ ಆ ಕೈಗಳನ್ನು ನೋಡಿದರು. ನೋಡುತ್ತಲೇ ಇದ್ದರು. ಕಮಳಾಬಾಯಿ ಬಿಸಿ ರೊಟ್ಟಿಯ ಮೇಲೆ ಶೇಂಗಾದ ಖಾರದ ಹಿಂಡಿಯಿಟ್ಟು ಎಣ್ಣೆ ಹಾಕಿ ಅವರ ಮುಂದೆ ತಂದಿಟ್ಟಳು. ಕಾಕಿ ರೊಟ್ಟಿಯನ್ನು ಬಿಟ್ಟು ಅವಳ ಬಲಗೈಯನ್ನು ಹಿಡಿದುಕೊಂಡರು.

"ಅವತ್ತ ಖರೆ ಹೇಳಿ ಚಲೋ ಮಾಡ್ದಿ ಅಂತ ಒಂದ ಮಾತ ಅಂದಿದ್ದಿಲ್ಲ ನಾ ಅವನಿಗಿ," ಎಂದರು. ಆಮೇಲೆ ಆ ಕೈಯನ್ನು ಬಿಟ್ಟು, ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದು ನುಂಗಿದರು.

"ಭಾಳ ಚಲೋ ಮಾಡ್ಯಾನ," ಎಂದರು. "ಇನ್ನೊಂದ ಬಡಿ ಅವ್ವಾ."